ಬಚ್ಚಲ ನೀರಿನ ಲೆಕ್ಕ

ಜಾಲಿಯ ನಮ್ಮ ಹಳೆಯ ಮನೆಯಲ್ಲಿ ಬಚ್ಚಲು ಹಿಂಬದಿಗಿತ್ತು. ಗೋಡೆಯ ತಳದಲ್ಲಿ ಒಂದು ತೂತು, ತೂತಿನಾಚೆ ಗೇಣಗಲದ ಕಾಲುವೆ, ಕಾಲುವೆಯ ಕೊನೆಗೆ ಎರಡು ತೆಂಗು, ಒಂದು ಹಿಂಡು ಬಾಳೆ, ಅಂಚಿನಲ್ಲಿ ಕೆಸು. ಮಿಂದ ನೀರು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅಲ್ಲಿಗೇ. ಇದಕ್ಕೆ ಮರುಬಳಕೆ ಎಂಬ ಹೆಸರಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬಚ್ಚಲ ನೀರು ಕುಡಿದ ತೆಂಗಿನ ಕಾಯಿ ದೊಡ್ಡದು ಎಂದು ಮಾತ್ರ ಗೊತ್ತಿತ್ತು. ಚೌತಿಗೆ ಗಣಪತಿಗೆ ಒಡೆಯಲು ಅದೇ ಮರದ ಕಾಯಿ ಇಳಿಸುತ್ತಿದ್ದರು. ಮನೆಮಂದಿಯೆಲ್ಲ ಮಿಂದ ನೀರೇ ಮರದ ಮೈಯೊಳಗೆ ಹತ್ತಿ ಎಳನೀರಾಗಿ ದೇವರ ಮುಂದೆ ಬಂದಿದೆ, ಇದು ಮೈಲಿಗೆ ಎಂದು ಹೇಳಿದವರನ್ನು ನಾನು ಕಂಡಿಲ್ಲ.

ಇದನ್ನು ಹಳೆಯ ಕಾಲದ ಗುಣಗಾನಕ್ಕೆಂದು ಹೇಳುತ್ತಿಲ್ಲ. ಅದೇ ಮನೆಯ ಬಾವಿಕಟ್ಟೆಯ ಕತೆ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಸದ್ಯ ಹೇಳಬೇಕಾದ್ದು ಇಷ್ಟೆ: ಬಳಸಿದ ನೀರು ಎಲ್ಲಿಗೆ ಹೋಯಿತು ಎಂಬುದು ಆ ಮನೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಹಿತ್ತಿಲ ಬಾಗಿಲು ತೆರೆದರೆ ಕಾಣುತ್ತಿತ್ತು.

2024ರ ಮಾರ್ಚಿನಲ್ಲಿ ನಾನು ಬೆಂಗಳೂರಿನಲ್ಲಿ ಬಾಡಿಗೆಗಿದ್ದೆ. ನಮ್ಮ ಬೀದಿಯ ಕೊಳವೆಬಾವಿ ನಿಂತಿತ್ತು. ಮಾಲೀಕರು ಗೇಟಿಗೆ ಒಂದು ಕಾಗದ ಅಂಟಿಸಿದರು: ನೀರು ಬೆಳಿಗ್ಗೆ ಆರರಿಂದ ಏಳು. ಆ ಒಂದು ಗಂಟೆಯಲ್ಲಿ ಬಕೆಟ್, ಡ್ರಮ್ಮು, ಕುಕ್ಕರ್, ಹಾಲಿನ ಪಾತ್ರೆ, ಕೊನೆಗೆ ಮಕ್ಕಳ ನೀರಿನ ಬಾಟಲಿಗಳೂ ತುಂಬಿ ಸಾಲಾಗಿ ಕೂರುತ್ತಿದ್ದವು. ನಗರದಲ್ಲಿ ಸರಕಾರಿ ಲೆಕ್ಕದ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂಬ ಸುದ್ದಿ ಬಂತು. ತಮ್ಮ ಮನೆಯ ಕೊಳವೆಬಾವಿಯೂ ಬತ್ತಿದೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಮಾರ್ಚ್ 8ರಂದು ಜಲಮಂಡಳಿಯ ಆದೇಶ ಹೊರಟಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು, ಕೈತೋಟಕ್ಕೆ ಹಾಕಬಾರದು, ಕಟ್ಟಡ ಕಟ್ಟಬಾರದು, ಕಾರಂಜಿ ಹಾರಿಸಬಾರದು. ತಪ್ಪಿದರೆ 5,000 ರೂಪಾಯಿ ದಂಡ, ಮತ್ತೆ ತಪ್ಪಿದರೆ ದಿನಕ್ಕೆ 500 ಹೆಚ್ಚು. ಹೋಟೆಲು, ಮಾಲು, ಕಚೇರಿಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯವಾಯಿತು. ಹೋಳಿಗೆ ಕಾವೇರಿ ನೀರಿನಲ್ಲಿ ‘ರೈನ್ ಡ್ಯಾನ್ಸ್’ ಬೇಡ ಎಂದರು. ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿಗೆ ಕಬ್ಬನ್ ಪಾರ್ಕಿನ ಘಟಕದಲ್ಲಿ ಸಂಸ್ಕರಿಸಿದ ನೀರು ಕೊಟ್ಟು ಐಪಿಎಲ್ ಪಂದ್ಯ ನಡೆಸಿದರು. ಬತ್ತಿದ ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬುವ ಮಾತೂ ಆಗ ಬಂತು.

ಇವನ್ನೆಲ್ಲ ಗೇಲಿ ಮಾಡಲು ನನಗೆ ಇಷ್ಟವಿಲ್ಲ. ಮಾಡಬೇಕಾದ್ದನ್ನೇ ಮಾಡಿದರು, ಇಪ್ಪತ್ತು ವರ್ಷ ತಡವಾಗಿ ಮಾಡಿದರು ಅಷ್ಟೆ. ಆದರೆ ಮೊದಲ ಮೂರು ದಿನಗಳಲ್ಲಿ ದಂಡ ಬಿದ್ದದ್ದು 22 ಮನೆಗಳಿಗೆ, ಕೂಡಿದ ಹಣ 1 ಲಕ್ಷ 10 ಸಾವಿರ ರೂಪಾಯಿ. ಕೋಟಿ ದಾಟಿದ ಜನರ ನಗರದಲ್ಲಿ 22 ಮನೆ. ಟಿವಿಯವರು ಪೈಪು ಹಿಡಿದು ಕಾರು ತೊಳೆಯುತ್ತಿದ್ದವರ ಬೆನ್ನು ಹತ್ತಿದರು. ನಮ್ಮ ಬೀದಿಯ ತುದಿಯಲ್ಲಿ ಕಾಂಕ್ರೀಟು ತೊಟ್ಟಿಯಂಥ ಒಂದು ರಾಜಕಾಲುವೆ ಇದೆ. ಅದರಲ್ಲಿ ಹಗಲೂ ರಾತ್ರಿ ಕಪ್ಪು ನೀರು ಹರಿಯುತ್ತಿತ್ತು. ಬರಗಾಲವೆಂದು ಅದು ಒಂದು ದಿನವೂ ನಿಲ್ಲಲಿಲ್ಲ. ಅದರ ಬಳಿಗೆ ಯಾವ ಕ್ಯಾಮೆರಾವೂ ಬರಲಿಲ್ಲ.

ನನ್ನ ತಕರಾರು ಶುರುವಾಗುವುದು ಆ ಕಾಲುವೆಯಿಂದ. ನೀರು ಉಳಿಸುವುದು ಎಂದರೆ ನಲ್ಲಿ ತಿರುಗಿಸುವ ಬೆರಳಿನ ಸದ್ಗುಣ ಎಂದು ನಮಗೆ ಕಲಿಸಿದ್ದಾರೆ. ಶಾಲೆಯ ಪ್ರಬಂಧದಿಂದ ಹಿಡಿದು ಸರಕಾರಿ ಜಾಹೀರಾತಿನವರೆಗೆ ಅದೇ ಪಾಠ: ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡಿ. ಮಾಡೋಣ. ಆದರೆ ಬಂದ ನೀರಿನ ಲೆಕ್ಕ ಕೇಳುವ ನಗರ ಹೋದ ನೀರಿನ ಲೆಕ್ಕ ಕೊಡುವುದಿಲ್ಲ. ಬರುವ ನೀರಿಗೆ ಮೀಟರಿದೆ, ಬಿಲ್ಲಿದೆ, ಉದ್ಘಾಟನೆಯಿದೆ, ಕಾವೇರಿ ತಾಯಿಗೆ ಬಾಗಿನವಿದೆ. ಹೋಗುವ ನೀರಿಗೆ ಮುಚ್ಚಳ ಮಾತ್ರ.

ಸ್ವಲ್ಪ ಲೆಕ್ಕ ಹಾಕೋಣ. ಸಾಹಿತ್ಯದ ಓದುಗರಿಗೆ ಅಂಕಿಗಳೆಂದರೆ ಬೇಸರ, ಆದರೂ. 2024ರವರೆಗೆ ಬೆಂಗಳೂರಿಗೆ ಬರುತ್ತಿದ್ದ ಕಾವೇರಿ ದಿನಕ್ಕೆ 145 ಕೋಟಿ ಲೀಟರ್. ಆ ವರ್ಷದ ಅಕ್ಟೋಬರ್ 16ರಂದು ಐದನೆಯ ಹಂತ ಉದ್ಘಾಟನೆಯಾಗಿ 77.5 ಕೋಟಿ ಲೀಟರ್ ಸೇರಿತು. ಈ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುತ್ತದೆ. ಅದಕ್ಕೆ ಸುಡುವ ಕರೆಂಟಿನ ಮಾತು ಇಲ್ಲಿ ಬೇಡ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎನ್ನುವುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ ಐದೂ ಹಂತ ಪೂರ್ತಿ ಹರಿದರೆ ದಿನಕ್ಕೆ ಸುಮಾರು 178 ಕೋಟಿ ಲೀಟರ್ ಕೊಳಚೆ. ವರ್ಷಕ್ಕೆ ಗುಣಿಸಿದರೆ ಹತ್ತಿರಹತ್ತಿರ 23 ಟಿಎಂಸಿ. ಕೊಳವೆಬಾವಿಯ ನೀರು ಇದರಲ್ಲಿ ಸೇರಿಲ್ಲ.

ಈ 23ನ್ನು ನೆನಪಿಟ್ಟುಕೊಂಡು 2019ಕ್ಕೆ ಬನ್ನಿ. ಆ ವರ್ಷದ ಜೂನಿನಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ 30 ಟಿಎಂಸಿ ನೀರನ್ನು ಬೆಂಗಳೂರಿಗೆ ಎತ್ತುವ ಯೋಜನೆಗೆ ವಿಸ್ತೃತ ವರದಿ ಮಾಡಿಸುತ್ತೇವೆ ಎಂದು ಅಂದಿನ ಸರಕಾರ ಹೇಳಿತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ನಾ. ಡಿಸೋಜ ಆ ಹೋರಾಟದ ಮುಂಚೂಣಿಯಲ್ಲಿದ್ದರು. ‘ಮುಳುಗಡೆ’ ಬರೆದ ಲೇಖಕ ತನ್ನ ಇಳಿವಯಸ್ಸಿನಲ್ಲಿ ಅದೇ ನದಿಗಾಗಿ ಮತ್ತೊಮ್ಮೆ ಬೀದಿಗೆ ಬರಬೇಕಾಯಿತು. 1964ರಲ್ಲಿ ಕಟ್ಟಿ ಮುಗಿದ ಅಣೆಕಟ್ಟಿಗಾಗಿ ಮನೆ ಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟವರ ಹಿನ್ನೀರಿನ ಹಳ್ಳಿಗಳೇ ಕತ್ತಲಲ್ಲಿ ಕೂತವು. ಈಗ ಕುಡಿಯುವ ನೀರು ಎಂಬ ಪುಣ್ಯದ ಹೆಸರಿನಲ್ಲಿ ಎರಡನೆಯ ಸಲ ಕೇಳುತ್ತಿದ್ದಾರೆ. ಯೋಜನೆ ಅಂದು ಹಿಂದೆ ಸರಿಯಿತು. ಸರಿದದ್ದು ಹಿಂದಕ್ಕೆ, ಕಡತದಿಂದ ಆಚೆಗಲ್ಲ ಎಂದು ನಮ್ಮ ಕಡೆಯವರಿಗೆ ಗೊತ್ತಿದೆ.

ಆ ದಿನಗಳಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: ‘ಹೇಗಿದ್ದರೂ ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರಲ್ಲವೇನ್ರೀ?’ ಸಮುದ್ರಕ್ಕೆ ಹೋದದ್ದು ವ್ಯರ್ಥ ಎನ್ನುವ ಮಾತನ್ನು ಸಮುದ್ರ ನೋಡದವರು ಹೇಳಿದರೆ ಕ್ಷಮಿಸಬಹುದು, ನೀರಾವರಿ ತಜ್ಞರೂ ಹೇಳುತ್ತಾರೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆಯ ಮೇಲೆ, ಇಲ್ಲವೇ ಕುಮಟೆಯ ಕಡೆ ಅಘನಾಶಿನಿಯ ದಂಡೆಯಲ್ಲಿ ಇಳಿತದ ಹೊತ್ತಿಗೆ ಒಮ್ಮೆ ನಿಂತು ನೋಡಲಿ. ಸಿಹಿನೀರೂ ಉಪ್ಪುನೀರೂ ಕೂಡುವ ಆ ಅಳಿವೆಯಲ್ಲಿ ಮೀನು ಮರಿ ಮಾಡುತ್ತದೆ, ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಬಳಚು ತೆಗೆಯುತ್ತಾರೆ, ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಣೆಕಟ್ಟು ಹೊತ್ತ ಶರಾವತಿಯ ಅಳಿವೆಯಲ್ಲಿ ನೀರಿನ ಉಪ್ಪು ಬದಲಾಗಿ ಬಳಚು ಸೊರಗಿತು. ನದಿಗೆ ಸಮುದ್ರ ಸೇರುವುದೇ ಕೆಲಸ. ವ್ಯರ್ಥವಾಗುತ್ತಿರುವುದು ನನ್ನ ಬಾಡಿಗೆ ಮನೆಯ ಬೀದಿಯ ತುದಿಯ ಕಪ್ಪು ನೀರು.

ಜಲಮಂಡಳಿಯ ಎಂಜಿನಿಯರು ಇದನ್ನು ಓದಿದರೆ ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ. ನಗರದ ಸಂಸ್ಕರಿಸಿದ ನೀರೆಲ್ಲ ಪೋಲಾಗುತ್ತಿಲ್ಲ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಘಟಕಗಳಿಂದ ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಿಂದ ನಡೆಯುತ್ತಿದೆ, ಹೆಬ್ಬಾಳ ಮತ್ತು ನಾಗವಾರ ಕಣಿವೆಯದ್ದು ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತದೆ, ವಿಮಾನ ನಿಲ್ದಾಣಕ್ಕೂ ಕೊಟ್ಟಿದ್ದೇವೆ ಎಂದು. ನಿಜ. ದೇಶದ ಬೇರೆ ಯಾವ ನಗರವೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಿಲ್ಲ ಎನ್ನುವವರಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಹಾಗಾದರೆ ನಾನು ಕೇಳುವುದು ಎರಡನ್ನು.

ಒಂದು, ಸೋರಿಕೆ. ಕೊಳವೆಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಕಾಲು ಭಾಗಕ್ಕೂ ಹೆಚ್ಚೆಂದು ಮಂಡಳಿಯೇ ಒಪ್ಪುತ್ತ ಬಂದಿದೆ. ಹಳೆಯ 145 ಕೋಟಿ ಲೀಟರಿನಲ್ಲಿ ಕಾಲು ಭಾಗವೆಂದೇ ಹಿಡಿದರೂ ದಿನಕ್ಕೆ 36 ಕೋಟಿ ಲೀಟರ್, ವರ್ಷಕ್ಕೆ ಸುಮಾರು 4.6 ಟಿಎಂಸಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಒಂದು ಶತಮಾನದ ವ್ಯಾಜ್ಯ, 1991ರ ಮತ್ತು 2016ರ ಬೆಂಕಿ, ಸುಟ್ಟ ಬಸ್ಸುಗಳು, ಸತ್ತ ಜನ, ಇಷ್ಟೆಲ್ಲ ಆದ ಮೇಲೆ ಗೆದ್ದು ತಂದದ್ದು ನಮ್ಮದೇ ಪೈಪಿನಲ್ಲಿ ಸೋರುವಷ್ಟು.

ಎರಡು, ಕೋಲಾರಕ್ಕೆ ಹೋದದ್ದು ಎಂಥ ನೀರು? ಎರಡು ಹಂತದ ಸಂಸ್ಕರಣೆಯಾದ ನೀರು. ಮೊದಲ ನೀರು ಬಂದ ಬೇಸಗೆಯ ಬೆನ್ನಿಗೇ, 2018ರ ಜುಲೈಯಲ್ಲಿ, ಕೆರೆಗೆ ಬಿಡುವ ಕಡೆ ನೊರೆ ಎದ್ದಿತು. ಪ್ರಕರಣ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು, ನೀರು ನಿಂತಿತು, ಮತ್ತೆ ಹರಿಯಿತು. ಬತ್ತಿದ ಕೆರೆ ತುಂಬಿದ್ದನ್ನೂ ಕೊಳವೆಬಾವಿಯಲ್ಲಿ ನೀರು ಮೇಲೆ ಬಂದದ್ದನ್ನೂ ಅಲ್ಲಿಯ ರೈತರು ಅಲ್ಲಗಳೆಯುವುದಿಲ್ಲ. ಅವರು ಕೇಳುತ್ತಿರುವುದು ಮೂರನೆಯ ಹಂತದ ಸಂಸ್ಕರಣೆ. ಅದನ್ನು ಕೇಳಿದಾಗಲೆಲ್ಲ ಬರುವ ಉತ್ತರ, ಕೆರೆಯೇ ಸೋಸುತ್ತದೆ, ಮಣ್ಣೇ ಸೋಸುತ್ತದೆ, ಖರ್ಚು ಹೆಚ್ಚು. ಕಾವೇರಿಯನ್ನು ನೂರು ಕಿಲೋಮೀಟರ್ ಎತ್ತಲು ಖರ್ಚು ಹೆಚ್ಚಲ್ಲ. ಬಳಸಿ ಕೊಟ್ಟ ನೀರನ್ನು ಇನ್ನೊಂದು ಸಲ ಸೋಸಲು ಹೆಚ್ಚು. ತಾನು ಉಂಡ ಎಲೆಯನ್ನು ತೊಳೆಯದೆ ನೆಂಟರಿಗೆ ಹಾಕುವ ಮನೆಯನ್ನು ನಮ್ಮೂರಲ್ಲಿ ಏನೆನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಹಿಂದಕ್ಕೆ ಹೋಗಿ ನೋಡಿದರೆ ಇದು ಬೆಂಗಳೂರಿನ ಹಳೆಯ ಚಾಳಿ. 1896ರಲ್ಲಿ ಹೆಸರಘಟ್ಟದಿಂದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಪ್ರತಿ ಸಲವೂ ಹೊಸ ನೀರು ಹಿಂದಿನದ್ದಕ್ಕಿಂತ ದೂರದ್ದು, ಪ್ರತಿ ಸಲವೂ ಬಿಟ್ಟುಬಂದ ನೀರು ಕೆಟ್ಟದ್ದು. ಅರ್ಕಾವತಿ ಬತ್ತಿತು, ವೃಷಭಾವತಿ ಗಟಾರವಾಗಿ ಬೈರಮಂಗಲಕ್ಕೆ ಹರಿಯಿತು, ದಕ್ಷಿಣ ಪಿನಾಕಿನಿ ಹೊಸೂರಿನ ಕಡೆ ನೊರೆ ಹೊತ್ತು ಹೋಯಿತು, ಬೆಳ್ಳಂದೂರು ಕೆರೆಗೆ 2018ರ ಜನವರಿಯಲ್ಲಿ ಬೆಂಕಿ ಬಿದ್ದು ಸೈನಿಕರು ಆರಿಸಬೇಕಾಯಿತು. ನೀರಿಗೆ ಬೆಂಕಿ ಬೀಳುವುದು ನಮ್ಮಲ್ಲಿ ಗಾದೆಯ ಮಾತಾಗಿತ್ತು. ಮಳೆಕೊಯ್ಲು ಕಡ್ಡಾಯ ಎಂದು 2009ರಲ್ಲೇ ಕಾನೂನು ಬಂತು; ದಂಡವನ್ನು ನೀರಿನ ಬಿಲ್ಲಿನ ಜತೆ ಕಟ್ಟಿ ಸುಮ್ಮನಿರುವ ಮನೆಗಳು ಸಾವಿರಾರು. ಹತ್ತಿರದ ನೀರನ್ನು ಕೆಡಿಸುವವನಿಗೆ ದೂರದ ನೀರಿನ ಮೇಲೆ ಹಕ್ಕು ಹುಟ್ಟುತ್ತದೆ ಎಂಬುದು ಯಾವ ಊರಿನ ನ್ಯಾಯ?

ಇದಕ್ಕೆಲ್ಲ ಹಣದ ಕೊರತೆ, ತಂತ್ರಜ್ಞಾನದ ಕೊರತೆ ಎಂದು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕೊರತೆ ಇರುವುದು ನಮ್ಮ ಮಡಿಮೈಲಿಗೆಯ ಬುದ್ಧಿಯಲ್ಲಿ. ಕಣ್ಣಿಂದ ಮರೆಯಾದ ನೀರು ಇಲ್ಲವಾಯಿತು, ದೂರದಿಂದ ಬಂದ ನೀರು ಗಂಗೆಯಾಯಿತು ಎಂಬ ನಂಬಿಕೆ ಅದು. ನಮೀಬಿಯಾದ ವಿಂಡ್‌ಹುಕ್ ನಗರ ತನ್ನ ಕೊಳಚೆಯನ್ನೇ ಸೋಸಿ ಮತ್ತೆ ಕುಡಿಯುವ ನೀರಿನ ಕೊಳವೆಗೆ ಸೇರಿಸುತ್ತಿರುವುದು 1968ರಿಂದ. ಸಿಂಗಪುರ ನೆರೆಯ ಜೊಹೋರಿನಿಂದ ನೀರು ಕೊಳ್ಳುತ್ತದೆ. ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ, ನೆರೆಯವನ ಮರ್ಜಿಯಲ್ಲಿ ಬದುಕುವುದು ಬೇಡವೆಂದು ಅವರು ಕೊಳಚೆಯ ಕಡೆ ತಿರುಗಿದರು. 2002ರ ರಾಷ್ಟ್ರೀಯ ದಿನದಂದು ಮೈದಾನದಲ್ಲಿ ಸೇರಿದ್ದ ಸಾವಿರಾರು ಜನ ಪ್ರಧಾನಿಯ ಜತೆ ಆ ನೀರಿನ ಬಾಟಲಿ ಎತ್ತಿ ಕುಡಿದರು. ಎಲ್ಲ ಕಡೆ ಹೀಗೇ ಆಗಿಲ್ಲ. ಆಸ್ಟ್ರೇಲಿಯಾದ ಟೂವೂಂಬಾ ಪಟ್ಟಣ ಬರಗಾಲದ ನಡುವೆಯೇ 2006ರಲ್ಲಿ ಜನಮತ ಎಣಿಕೆ ಮಾಡಿ ಇಂಥ ನೀರು ಬೇಡವೆಂದಿತು. ನೂರಕ್ಕೆ 60ಕ್ಕೂ ಹೆಚ್ಚು ಜನ ಬೇಡವೆಂದರು. ಹೇಸಿಗೆ ಎನ್ನುವುದು ನಮ್ಮ ಸ್ವಂತ ಆಸ್ತಿಯಲ್ಲ. ಆದರೆ ಹೇಸಿಗೆಯನ್ನು ಶಾಸ್ತ್ರ ಮಾಡಿಕೊಂಡವರು ನಾವು.

ಆ ಶಾಸ್ತ್ರದ ಗಮ್ಮತ್ತು ನೋಡಿ. ಎಲ್ಲಿ ತುಂಬಿಸಿದ್ದೆಂದು ಕೇಳದೆ ಟ್ಯಾಂಕರ್ ನೀರು ಕುಡಿಯುತ್ತೇವೆ. ಮೇಲಿನ ಊರುಗಳ ಗಟಾರವೆಲ್ಲ ಸೇರಿದ ಹೊಳೆಯಲ್ಲಿ ಮುಳುಗೆದ್ದು ಪಾಪ ಕಳೆದುಕೊಳ್ಳುತ್ತೇವೆ. ಮೂರು ಹಂತ ಸೋಸಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನೀರನ್ನು ಮಾತ್ರ ‘ಕಕ್ಕಸಿನ ನೀರು’ ಎಂದು ಗಿಡಕ್ಕೆ ಹಾಕಲೂ ಮೂಗು ಮುಚ್ಚುತ್ತೇವೆ. ಕೋಲಾರದ ರೈತರ ಅನುಮಾನವನ್ನು ಇದರ ಜತೆ ಸೇರಿಸಬೇಡಿ. ಅವರು ಕೇಳುತ್ತಿರುವುದು ಮಡಿಯನ್ನಲ್ಲ, ಪರೀಕ್ಷೆಯ ಕಾಗದವನ್ನು. ದೇವನಹಳ್ಳಿಯಲ್ಲಿ ಒಂದು ಕೆರೆಯಿದೆ, ಹೆಸರು ಸಿಹಿನೀರು ಕೆರೆ. ಬೆಂಗಳೂರಿನ ಸಂಸ್ಕರಿಸಿದ ನೀರು ಬಾಗಲೂರು ಕೆರೆಯ ಮೂಲಕ ಅಲ್ಲಿಗೆ ಬಂತು. ಪಕ್ಕದ ಹಳೆಯ ತೆರೆದ ಬಾವಿಯ ಹೂಳೆತ್ತಿದರು, ನೆಲದೊಳಗೆ ಇಳಿದು ಬಾವಿಗೆ ಬಂದ ನೀರನ್ನು ಮತ್ತೆ ಸೋಸಿ ಊರಿಗೆ ಕೊಡುವ ವ್ಯವಸ್ಥೆ ಮಾಡಿದರು. ಜಕ್ಕೂರು ಕೆರೆಯಲ್ಲೂ ಘಟಕದಿಂದ ಬಂದ ನೀರು ಜೊಂಡಿನ ನಡುವೆ ಹಾದು ಕೆರೆ ಸೇರುತ್ತದೆ, ಮೀನುಗಾರರು ಬಲೆ ಹಾಕುತ್ತಾರೆ. ನಮ್ಮ ಬಚ್ಚಲ ಕಾಲುವೆ, ತೆಂಗಿನ ಮರ, ಎಳನೀರು ಇದೇ ತಾನೆ? ಗಾತ್ರ ಬೇರೆ.

ಮೈಲಿಗೆಯ ಮಾತು ಬಂದ ಮೇಲೆ ಬಾವಿಕಟ್ಟೆಯ ಕತೆಯನ್ನೂ ಹೇಳಬೇಕು. ಬಚ್ಚಲ ನೀರಿಗೆ ಇಷ್ಟು ಉದಾರವಾಗಿದ್ದ ನಮ್ಮ ಮನೆಯ ಬಾವಿಗೆ ಎಲ್ಲರೂ ಕೊಡಪಾನ ಇಳಿಸುವಂತಿರಲಿಲ್ಲ. ಹಿತ್ತಿಲ ಕೆಲಸಕ್ಕೆ ಬಂದವರು ದೂರದಲ್ಲಿ ಬೊಗಸೆ ಒಡ್ಡಿ ನಿಲ್ಲುತ್ತಿದ್ದರು, ಮನೆಯವರು ಎತ್ತರದಿಂದ ಹೊಯ್ಯುತ್ತಿದ್ದರು. ಸಣ್ಣವನಿದ್ದಾಗ ನಾನೂ ಹೊಯ್ದಿದ್ದೇನೆ. ಕಾರಂತರ ‘ಚೋಮನ ದುಡಿ’ಯಲ್ಲಿ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಯಾಕೆ ಸುಮ್ಮನೆ ನಿಂತರು ಎಂಬುದನ್ನು ಪಾಠ ಕೇಳಿ ತಿಳಿಯುವ ಅಗತ್ಯ ನನಗೆ ಬೀಳಲಿಲ್ಲ. 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಮಹಾಡದ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದದ್ದಕ್ಕೆ ಜನ ದೊಣ್ಣೆ ಹಿಡಿದು ಬಂದರು, ಆಮೇಲೆ ಆ ಕೆರೆಯನ್ನು ಗಂಜಲ ಹಾಕಿ ‘ಶುದ್ಧ’ ಮಾಡಿದರು. ಶುದ್ಧೀಕರಣ ಎಂಬ ಪದಕ್ಕೆ ನಮ್ಮಲ್ಲಿ ಇಷ್ಟು ಇತಿಹಾಸವಿದೆ. ಅದೇ ಪದವನ್ನು ಈಗ ಘಟಕದ ಬೋರ್ಡಿನ ಮೇಲೆ ಬರೆದಿದ್ದಾರೆ.

ಬೋರ್ಡಿನ ಹಿಂದೆ ಯಾರಿದ್ದಾರೆ? 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆಯ ಬಳಿಯ ಒಂದು ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕಕ್ಕೆ ಇಳಿದ ಮೂವರು ವಿಷಗಾಳಿಯಲ್ಲಿ ಸತ್ತರು. ಮಲಹೊರುವುದನ್ನೂ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನೂ ನಿಷೇಧಿಸಿದ ಕಾನೂನಿಗೆ ಆಗ ನಾಲ್ಕು ವರ್ಷ. ಮರುಬಳಕೆ ಎಂಬ ಸುಂದರ ಪದ ಹೇಳುವಾಗ ನಾವು ಯಂತ್ರವನ್ನು ಮಾತ್ರ ನೆನೆಯುತ್ತೇವೆ. ಯಂತ್ರ ಕಟ್ಟಿಕೊಂಡಾಗ ಒಳಗೆ ಇಳಿಯುವವನ ಜಾತಿ ಬದಲಾಗಿಲ್ಲ. ನಗರ ನೀರು ಉಳಿಸಿತು ಎಂದು ಪ್ರಶಸ್ತಿ ಪಡೆಯುವ ದಿನ ಆ ಮೂವರ ಲೆಕ್ಕವನ್ನೂ ವೇದಿಕೆಯ ಮೇಲೆ ಓದಬೇಕು.

ಇಷ್ಟು ಹೊತ್ತು ಬೆಂಗಳೂರನ್ನು ಬೈದು ಸುಖವಾಯಿತು. ಕರಾವಳಿಯವರಿಗೆ ಇದೊಂದು ಹವ್ಯಾಸ. ಈಗ ಊರಿಗೆ ಬರುತ್ತೇನೆ.

ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಬೆಂಗಳೂರಿನ ಮೂರು ಪಾಲು. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳಕ್ಕೆ ಒಂದೇ ದಿನದಲ್ಲಿ 500 ಮಿಲಿಮೀಟರಿಗೂ ಹೆಚ್ಚು ಸುರಿಯಿತು, ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯಲ್ಲಿ ನಾಲ್ವರು ಸತ್ತರು. ಅಷ್ಟು ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಬಂತೆಂದರೆ ಟ್ಯಾಂಕರ್ ಓಡುತ್ತದೆ. ಕಡವಿನಕಟ್ಟೆಯ ಅಣೆಕಟ್ಟಿನ ನೀರು ಭಟ್ಕಳಕ್ಕೂ ಬೇಕು, ಜಾಲಿಗೂ ಬೇಕು, ಸುತ್ತಲ ಹಳ್ಳಿಗಳಿಗೂ ಬೇಕು. ಬೇಸಗೆಯ ಕೊನೆಗೆ ಅಲ್ಲಿ ಹೂಳು ಕಾಣುತ್ತದೆ. ಚಿರೆಕಲ್ಲಿನ ನೆಲ ಮಳೆಯನ್ನು ಬೇಗ ಕುಡಿದು ಬೇಗ ಬಿಡುತ್ತದೆ. ಹಿಂದೆ ಗದ್ದೆ ಇತ್ತು, ಗದ್ದೆಯಲ್ಲಿ ಆರು ತಿಂಗಳು ನಿಂತ ನೀರು ಬಾವಿಗೆ ಇಳಿಯುತ್ತಿತ್ತು. ಗದ್ದೆಗೆ ಮಣ್ಣು ತುಂಬಿ ಮನೆ ಕಟ್ಟಿದೆವು, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆವು. ಕಾಲಿಗೆ ಕೆಸರು ಹತ್ತುವುದಿಲ್ಲ, ಬಾವಿಗೆ ನೀರು ಇಳಿಯುವುದಿಲ್ಲ.

ಇದ್ದ ಬಾವಿಯ ಗತಿ? ಭಟ್ಕಳದ ಗೌಸಿಯಾ ಸ್ಟ್ರೀಟ್ ಸುತ್ತಮುತ್ತ ಮನೆಬಾವಿಗಳಿಗೆ ಒಳಚರಂಡಿಯ ಕೊಳಚೆ ಸೇರುತ್ತಿದೆ, ಪಕ್ಕದ ಶರಾಬಿ ಹೊಳೆ ನಾರುತ್ತಿದೆ ಎಂದು ಅಲ್ಲಿಯವರು ದೂರು ಕೊಡುತ್ತಿರುವುದು ನಿನ್ನೆ ಮೊನ್ನೆಯದಲ್ಲ. ಮನವಿ ಕೊಟ್ಟರು, ರಸ್ತೆಗೆ ಇಳಿದರು, ಅಧಿಕಾರಿಗಳು ಬಂದು ನೋಡಿ ಹೋದರು. ಒಳಚರಂಡಿ ಎಂದರೆ ಪೈಪು ಹೂಳುವುದು ಎಂದು ನಮ್ಮ ಪಟ್ಟಣಗಳು ತಿಳಿದಂತಿದೆ. ಆಚೆ ತುದಿಯಲ್ಲಿ ಆ ನೀರನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಎರಡನೆಯ ಹಂತದ ಅನುದಾನದ ಮಾತು ಬರುತ್ತದೆ. ಒಳಚರಂಡಿ ಇಲ್ಲದ ಕಡೆ ಐದು ಸೆಂಟ್ಸ್ ಜಾಗದಲ್ಲಿ ನಾವೇ ಒಂದು ಮೂಲೆಗೆ ಬಾವಿ, ಇನ್ನೊಂದು ಮೂಲೆಗೆ ಪಾಯಖಾನೆ ಗುಂಡಿ ತೋಡುತ್ತೇವೆ. ನಮ್ಮ ಬಾವಿಯಿಂದ ದೂರ ಇರಲಿ ಎಂದು ಗುಂಡಿಯನ್ನು ಕಾಂಪೌಂಡಿನ ಅಂಚಿಗೆ ಒಯ್ಯುತ್ತೇವೆ. ಗೋಡೆಯ ಆಚೆ ಬದಿಗೆ ನೆರೆಮನೆಯ ಬಾವಿ ಇರುತ್ತದೆ. ಬೆಂಗಳೂರು ಕೋಲಾರಕ್ಕೆ ಮಾಡಿದ್ದನ್ನು ನಾವು ಗೋಡೆಯಾಚೆಗೆ ಮಾಡುತ್ತೇವೆ. ಶರಾವತಿ ಉಳಿಸಿ ಎಂದು ನಾನೂ ಫೇಸ್‌ಬುಕ್ಕಿನಲ್ಲಿ ಬರೆದವನೇ. ಆ ತಿಂಗಳು ನಮ್ಮ ಮನೆಯ ಗುಂಡಿ ತುಂಬಿ ಹೊರಗೆ ಹರಿದಿತ್ತು, ಅದರ ಚಿತ್ರ ಹಾಕಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೆಯಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಕವನ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ, ವಿಷಯ ‘ಜಲ’. ಬಂದ ಕವನಗಳಲ್ಲಿ ನದಿ ತಾಯಿಯಾಗಿತ್ತು, ಮಳೆ ಪ್ರೇಯಸಿಯಾಗಿತ್ತು, ಹನಿ ಮುತ್ತಾಗಿತ್ತು, ಕಡಲು ವಿರಹಿಯಾಗಿತ್ತು. ಗಟಾರ ಒಂದರಲ್ಲೂ ಇರಲಿಲ್ಲ. ಆ ಕಾಲೇಜಿನ ಗೇಟಿನ ಮುಂದೆಯೇ ಒಂದು ತೆರೆದ ಗಟಾರವಿತ್ತು. ಬರೆದವರೆಲ್ಲ ಅದನ್ನು ಹಾರಿಯೇ ಒಳಗೆ ಬಂದಿದ್ದರು. ನೀರನ್ನು ತಾಯಿ ಎಂದು ಕರೆದು ಕರೆದು ಅವಳ ಮೈಗೆ ಏನಾಗಿದೆ ಎಂದು ನೋಡುವ ಹೊಣೆಯಿಂದ ತಪ್ಪಿಸಿಕೊಂಡಿದ್ದೇವೆ. ವಿದ್ಯಾರ್ಥಿಗಳಾಗಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ, ಕವನ ಆಮೇಲೆ ಬರೆಯಿರಿ. ನಿಮ್ಮ ಹಾಸ್ಟೆಲಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ಭಾನುವಾರ ಕಾಲುನಡಿಗೆಯಲ್ಲಿ ಹಿಂಬಾಲಿಸಿ. ಅದು ಕೊನೆಗೆ ಮುಟ್ಟುವ ಜಾಗದ ಹೆಸರು, ಅಲ್ಲಿ ಮನೆ ಮಾಡಿಕೊಂಡವರ ಹೆಸರು ಬರೆದುಕೊಳ್ಳಿ. ನಿಮ್ಮ ಊರಿನ ಪುರಸಭೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಎಷ್ಟು ಕೊಳಚೆ ಬಂತು, ಎಷ್ಟು ಸಂಸ್ಕರಣೆಯಾಯಿತು, ಯಾವ ಹಂತದವರೆಗೆ, ಉಳಿದದ್ದು ಎಲ್ಲಿಗೆ. ಬೆಂಗಳೂರಿಗೂ ಇದೇ ಪ್ರಶ್ನೆ. ಒಂದೊಂದು ಕಣಿವೆಯ ಈ ಲೆಕ್ಕವನ್ನು ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದಿಡುವ ತನಕ ಶರಾವತಿ ಎಂಬ ಹೆಸರನ್ನು ಅದು ಬಾಯಿಗೂ ತರಬಾರದು. ಮತ್ತು ನಾವು, ನಮ್ಮ ಗೋಡೆಯಾಚೆಯ ಬಾವಿಯ ಲೆಕ್ಕ ಕೊಡುವ ತನಕ, ನದಿ ಉಳಿಸಿದವರೆಂದು ಬೀಗಬಾರದು.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಪಕ್ಕದ ಮನೆಯ ಹಿರಿಯರು ಮೂವತ್ತು ವರ್ಷ ದುಬೈಯಲ್ಲಿ ದುಡಿದು ಬಂದವರು, ಕಾಂಪೌಂಡಿನ ಹತ್ತಿರ ನಿಂತು ಟ್ಯಾಂಕರಿಗೆ ಕಾಯುತ್ತಿದ್ದರು. ಮಾತಿಗೆ ಮಾತು ಬಂದು, ಅಲ್ಲಿ ರಸ್ತೆ ಬದಿಯ ಗಿಡ, ಹುಲ್ಲು, ಹೂವು ಎಲ್ಲ ಶೌಚದ ನೀರನ್ನೇ ಶುದ್ಧ ಮಾಡಿ ಬೆಳೆಸಿದ್ದು ಎಂದರು. ‘ಮರುಭೂಮಿ ಮಾರಾಯಾ, ಒಂದು ಹನಿ ಬಿಡೂದಿಲ್ಲ ಅವ್ರು.’ ನಾನು ಕೇಳಿದೆ, ‘ಹಾಗಾರೆ ಇಲ್ಲಿ ಎಂತಕ್ಕೆ ಆಗೂದಿಲ್ಲ ಸಾಹೇಬ್ರೆ?’ ಅವರು ನಕ್ಕರು. ‘ಇಲ್ಲಿ ಮಳೆ ಬರ್ತದಲ್ಲ.’

ಅಷ್ಟರಲ್ಲಿ ಟ್ಯಾಂಕರ್ ಬಂತು. ಪೈಪು ಎಳೆದ ಹುಡುಗ ಹೊಸಬ, ಉತ್ತರ ಕರ್ನಾಟಕದವನು. ನಮ್ಮ ಎರಡೂ ಮನೆಗಳ ಬಾವಿಗಳಿಗೆ ಇಣುಕಿ ನೋಡಿದ. ಎರಡರಲ್ಲೂ ನಾಲ್ಕಾಳು ಆಳದಲ್ಲಿ ನೀರು ಹೊಳೆಯುತ್ತಿತ್ತು. ಅವನು ಪೈಪು ಕೈಯಲ್ಲಿ ಹಿಡಿದುಕೊಂಡೇ ನಮ್ಮಿಬ್ಬರ ಮುಖ ನೋಡಿ ಕೇಳಿದ: ‘ಬಾವ್ಯಾಗ ನೀರು ಐತಲ್ರೀ, ಮತ್ಯಾಕ ಟ್ಯಾಂಕರ್ ಕರಿಸೀರಿ?’